ಗಿಳಿಹಸಿರು ಮಾಸಬಾರದು

ಆ ಕ್ಯಾಂಪರ್ ಅಂಗಳ ದಾಟಿದ್ದು ಕಡಿಮೆ. ಆದರೆ ನಿಂತಲ್ಲೇ ಅದು ನಾಲ್ಕೂ ದಿಕ್ಕು ನೋಡಿತ್ತು. ಒಂದೇ ಮಗ್ಗುಲಿಗೆ ಬಿಸಿಲು ಬಿದ್ದರೆ ಆ ಕಡೆಯ ಬಣ್ಣ ಮಾಸುತ್ತದೆಂದು ಡ್ರೈವರ್ ತಿಂಗಳಿಗೊಮ್ಮೆ ಅದರ ಮುಖ ತಿರುಗಿಸಿ ನಿಲ್ಲಿಸುತ್ತಿದ್ದ.

ಆಯಸ್ಸೆಲ್ಲ ಪರರ ಬಸ್ಸು ಓಡಿಸಿ ನಿವೃತ್ತನಾದವನು ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಕ್ಯಾಂಪರ್ ಮಾಡಿಕೊಂಡಿದ್ದ. ಬಣ್ಣ ಆರಿಸಿದ್ದು ಮಾತ್ರ ಹೆಂಡತಿಯ ಅಕ್ಕ. ಚಿಕ್ಕಂದಿನಲ್ಲಿ ಅಕ್ಕ ತಂಗಿ ಮಂಚದ ಕೆಳಗೆ ಕೂತು, ಚಕ್ರದ ಮನೆಯೆಂದು ಆಡಿದವರು. ಕಡಲ ದಡದ ಊರಿನಿಂದ ಬಂದಿದ್ದ ಅಕ್ಕ ಬಣ್ಣದ ಕಾರ್ಡಿನ ಮೇಲೆ ಬೆರಳಿಟ್ಟು, "ಗಿಳಿಹಸಿರು, ಬೇರೆ ಮಾತೇ ಇಲ್ಲ. ಬಳಿಸಿದ ಮೇಲೆ ನಮ್ಮನೆ ಮುಂದೆ ತಂದು ನಿಲ್ಲಿಸಿ, ನೋಡ್ತೀನಿ," ಎಂದು ಹೋಗಿದ್ದಳು.

ಆಮೇಲೆ ಅಕ್ಕನ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರವೇ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರಂತೆ ಡಾಕ್ಟರು.

"ಇನ್ನೂ ಸ್ವಲ್ಪ ಕಾಣುತ್ತಂತೆ. ಈಗಲೇ ಹೋಗಿಬರೋಣ," ಎಂದಳು ಹೆಂಡತಿ.

"ಹೋಗೋಣ, ಯಾರು ಬೇಡ ಅಂದ್ರು? ಅಲ್ಲಿ ಉಪ್ಪು ಗಾಳಿ ಕಣೇ. ಬರೀ ಮೈಯಲ್ಲಿ ಹೋದ್ರೆ ತಗಡು ತುಕ್ಕು ಹಿಡಿಯುತ್ತೆ. ಒಂದು ಕೈ ವ್ಯಾಕ್ಸ್ ಹಾಕ್ಬಿಡ್ತೀನಿ."

ಒಂದು ಕೈ ಎಂದರೆ ಅವನ ಲೆಕ್ಕದಲ್ಲಿ ಸಣ್ಣ ಕೆಲಸವಲ್ಲ. ನೆರಳಿನಲ್ಲಿ ಸೋಪು ನೀರಿನಿಂದ ತೊಳೆಯಬೇಕು, ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು, ಚಾವಣಿಯ ಸಂದುಗಳಿಗೆ ಅಂಟು ತುಂಬಬೇಕು, ಟೈರುಗಳಿಗೆ ಬಿಸಿಲು ತಾಗದಂತೆ ಹಲಗೆ ಒರಗಿಸಬೇಕು. ಬಕೆಟ್ ಹಿಡಿದು ಹಿಂದೆ ಹಿಂದೆ ಸುತ್ತುತ್ತಿದ್ದ ಹೆಂಡತಿಗೆ, ಮದುವೆಯಾದ ಹೊಸದರಲ್ಲೂ ಈ ಮನುಷ್ಯ ತನ್ನ ಮುಖಕ್ಕೆ ಇಷ್ಟು ನೆರಳು ಹಿಡಿದಿರಲಿಲ್ಲ ಎನ್ನಿಸಿ ನಗು ಬರುತ್ತಿತ್ತು. ಅಕ್ಕನ ನೆನಪಾದರೆ ನಗು ಅಲ್ಲಿಗೇ ನಿಲ್ಲುತ್ತಿತ್ತು.

ವ್ಯಾಕ್ಸ್ ಮುಗಿಯಿತು. ಹೊರಡಬೇಕೆನ್ನುವಾಗ ಮಳೆ ಹಿಡಿಯಿತು. ಹೊಸ ಹೊಳಪು ಹಾಳಾದೀತೆಂದು ಡ್ರೈವರ್ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಕಟ್ಟಿದ. ಮಳೆ ನಿಂತು ಟಾರ್ಪಾಲು ತೆಗೆದಾಗ ಅವನ ಮುಖ ಕಪ್ಪಿಟ್ಟಿತು. ಒಳಗೆ ಸಿಕ್ಕಿಬಿದ್ದ ತೇವಕ್ಕೆ ಬಣ್ಣ ಅಲ್ಲಲ್ಲಿ ಬಿಳಿಚಿಕೊಂಡಿತ್ತು, ಗಾಳಿಗೆ ಹಗ್ಗ ಉಜ್ಜಿದಲ್ಲೆಲ್ಲ ಗೀರು ಬಿದ್ದಿತ್ತು.

"ಹೀಗೇ ಹೋಗೋಣ," ಎಂದಳು ಹೆಂಡತಿ.

"ಅಕ್ಕ ಆರಿಸಿದ ಬಣ್ಣ. ಈ ಗತಿಯಲ್ಲಿ ತೋರಿಸೋದಾ?" ಎಂದ ಅವನು. ಆ ಮಾತಿನಲ್ಲಿ ಸೋಗು ಇರಲಿಲ್ಲ. ಅದಕ್ಕೇ ಅವಳಿಗೆ ಜಗಳವಾಡಲೂ ಆಗಲಿಲ್ಲ.

ಮತ್ತೆ ಉಜ್ಜಿದ, ಮತ್ತೆ ಬಳಿದ, ಒಣಗಲು ಬಿಟ್ಟ. ಈ ಸಲ ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನೇ ಹೊಲಿಸಿದ. ಅಕ್ಕ ಫೋನಿನಲ್ಲಿ, "ನಿಧಾನಕ್ಕೆ ಬನ್ನಿ, ನಾನೆಲ್ಲಿ ಹೋಗ್ತೀನಿ," ಎನ್ನುತ್ತಿದ್ದಳು. ಕಣ್ಣು ಹೇಗಿದೆ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದಳು.

ಕೊನೆಗೂ ಹೋದರು. ಅಕ್ಕನ ಮನೆಯ ಮುಂದೆ, ನಡು ಮಧ್ಯಾಹ್ನದ ಬೆಳಕಿನಲ್ಲಿ, ಕ್ಯಾಂಪರ್ ಆಗಷ್ಟೇ ಬಣ್ಣ ಬಳಿದಂತೆ ಹೊಳೆಯುತ್ತಿತ್ತು. ಅಕ್ಕ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು.

"ಬಂದ್ರಾ? ಶಬ್ದ ಕೇಳಿಸ್ತು," ಎಂದಳು. ಅವಳ ಮುಖ ಗಾಡಿಯ ಕಡೆಗಿರಲಿಲ್ಲ, ಪಕ್ಕದ ಗೋಡೆಯ ಕಡೆಗಿತ್ತು.

ತಂಗಿಗೆ ಗಂಡನ ಮೇಲೆ ಅಲ್ಲಿಯವರೆಗೆ ಬಾರದ ಸಿಟ್ಟು ಒಮ್ಮೆಲೇ ಬಂತು. ಅದನ್ನು ನುಂಗಿಕೊಂಡು ಅಕ್ಕನ ಕೈ ಹಿಡಿದು ಗಾಡಿಯ ಬಳಿಗೆ ಕರೆತಂದಳು. ಅಕ್ಕ ಅಂಗೈಯಿಂದ ತಗಡನ್ನು ಉದ್ದಕ್ಕೂ ಸವರಿದಳು.

"ಎಷ್ಟು ನುಣುಪು. ನಾನು ಹೇಳಿದ್ದೇ ಬಣ್ಣ ತಾನೇ?"

"ಅದೇ ಅಕ್ಕ. ಗಿಳಿಹಸಿರು."

"ಮಾಸಿಲ್ವಾ?"

ತಂಗಿ ಗಂಡನ ಮುಖ ನೋಡಿದಳು.

"ಇಲ್ಲ, ಸ್ವಲ್ಪವೂ ಮಾಸಿಲ್ಲ," ಎಂದ ಡ್ರೈವರ್. ಅವನ ಕಂಕುಳಲ್ಲಿ ಮಡಚಿದ ಹೊದಿಕೆ ಇತ್ತು. ಇಳಿಯುವಾಗ ಅಭ್ಯಾಸಬಲದಿಂದ ತೆಗೆದುಕೊಂಡಿದ್ದ.

ಅಕ್ಕ ಕಾದಿದ್ದ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. "ಬಿಸಿಲು ಜೋರಾಗಿದೆ ಡ್ರೈವರ್ ಸಾಹೇಬ್ರೇ. ಮೊದಲು ಗಾಡಿಗೆ ಏನಾದ್ರೂ ಹೊದಿಸಿ," ಎಂದಳು.

ಅವನು ಹೊದಿಕೆಯನ್ನು ಬಿಚ್ಚಲಿಲ್ಲ.