ಗೇಟಿನ ಬಳಿ ಕೂರಿಸಿದ ಮನುಷ್ಯ

೧೯೯೮ರ ಜುಲೈ ತಿಂಗಳ ಒಂದು ಸೋಮವಾರ, ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಕೆಲಸಕ್ಕೆ ಮರಳಿದ ಬಕ್ಕೇಶಪ್ಪನನ್ನು ಹರಿಹರದ ಆ ಕಾರ್ಖಾನೆಯವರು ಒಳಗೆ ಬಿಡಲಿಲ್ಲ. ಗೇಟಿನ ಪಕ್ಕ, ಸೈಕಲ್ ಸ್ಟ್ಯಾಂಡಿನ ಎದುರು ಒಂದು ಕುರ್ಚಿ ಹಾಕಿ ಕೂರಿಸಿದರು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆಯವರೆಗೆ. ಮಾಡಲು ಯಾವ ಕೆಲಸವನ್ನೂ ಕೊಡಲಿಲ್ಲ.

ಬಕ್ಕೇಶಪ್ಪ ಎರಕದ ವಿಭಾಗದವನು. ಅವನೂ ಫಜಲುಲ್ಲಾನೂ ಇಪ್ಪತ್ತೆರಡು ವರ್ಷದಿಂದ ಒಂದೇ ಲೇಡಲ್ಲಿನ ಜೋಡಿ. ಲೇಡಲ್ ಎಂದರೆ ಕುಲುಮೆಯಿಂದ ಇಳಿದ ಕಬ್ಬಿಣದ ರಸವನ್ನು ಅಚ್ಚಿನವರೆಗೆ ಒಯ್ಯುವ ದೊಡ್ಡ ಪಾತ್ರೆ. ಎರಡೂ ಕಡೆ ಉದ್ದನೆಯ ಹಿಡಿ. ಮುಂದೊಬ್ಬ, ಹಿಂದೊಬ್ಬ. ಮುಂದಿನವನಿಗೆ ತನ್ನ ಬೆನ್ನ ಹಿಂದೆ ತುಳುಕುವ ಬೆಂಕಿ ಕಾಣುವುದಿಲ್ಲ. ಅದಕ್ಕೇ ಅಲ್ಲೊಂದು ರೂಢಿ. ನಾಲ್ಕು ಹೆಜ್ಜೆಗೊಮ್ಮೆ ಮುಂದಿನವನು ತಿರುಗಿ ನೋಡದೆ ‘ಹೆಂಗೈತೆ?’ ಎಂದು ಕೂಗಬೇಕು. ಹಿಂದಿನವನು ‘ಸರಿ ಐತೆ’ ಎನ್ನಬೇಕು. ಉತ್ತರ ಬರದಿದ್ದರೆ ನಿಂತುಬಿಡಬೇಕು. ಫಜಲುಲ್ಲಾ ಯಾವಾಗಲೂ ಮುಂದೆ. ದಿನಕ್ಕೆ ಇನ್ನೂರು ಸಲ ಕೇಳುತ್ತಿದ್ದ, ಇನ್ನೂರು ಸಲವೂ ಅದೇ ಉತ್ತರ ಬರುತ್ತಿತ್ತು. ಬಕ್ಕೇಶಪ್ಪ ಸಾಯಲು ಹೊರಟದ್ದರ ಹಿಂದಿನ ದಿನದ ಪಾಳಿಯಲ್ಲೂ ಅವನ ದನಿ ಒಂದಿಷ್ಟೂ ನಡುಗಿರಲಿಲ್ಲ.

ಕೇಳಿದವರಿಗೆಲ್ಲ ಹೊಟ್ಟೆನೋವು ಎಂದಳು ಅವನ ಹೆಂಡತಿ ಕಸ್ತೂರಮ್ಮ. ಸಾಯಲು ಹೋಗಿ ಉಳಿದುಕೊಂಡವನ ಮೇಲೆ ಕೇಸು ಹಾಕುವ ಕಾನೂನು ಆಗ ಈ ದೇಶದಲ್ಲಿತ್ತು. ಉಳಿದದ್ದಕ್ಕೆ ಶಿಕ್ಷೆ! ಆ ಹೆದರಿಕೆ ಒಂದು ಕಡೆ, ಮದುವೆಗೆ ಬಂದ ಮಗಳು ರಶ್ಮಿತಾ ಒಂದು ಕಡೆ. ಎಲ್ಲರಿಗೂ ನಿಜ ಗೊತ್ತಿತ್ತು, ಎಲ್ಲರೂ ಹೊಟ್ಟೆನೋವೆಂದೇ ಹೇಳಿದರು. ದಾವಣಗೆರೆಯಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಬಕ್ಕೇಶಪ್ಪನ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು. ಜನ ನಿಂತೇ ಹೋಗುತ್ತಿದ್ದರು. ಗೇಟು ದಾಟುವಾಗ ಎಲ್ಲರಿಗೂ ಕೈಗಡಿಯಾರ ನೋಡಿಕೊಳ್ಳುವ ಕೆಲಸ ಬೀಳುತ್ತಿತ್ತು. ಫಜಲುಲ್ಲಾನಿಗೂ.

ಏಳನೆಯ ದಿನ, ಭಾನುವಾರ ಬೆಳಿಗ್ಗೆ, ಕಸ್ತೂರಮ್ಮ ಫಜಲುಲ್ಲಾನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂಡ್ರಿ ಅಂದರೂ ಕೂರಲಿಲ್ಲ.

“ಅಣ್ಣ, ನಾಕು ದಿನದಿಂದ ಮಾತೇ ಇಲ್ಲ. ನಿನ್ನೆ ಬಾಯಿ ಬಿಟ್ರು. ಕುರ್ಚಿ ಮ್ಯಾಲೆ ನನ್ನ ಹೆಣ ಕೂರಿಸಿ ಊರಿಗೆ ತೋರಿಸ್ತಾ ಇದಾರೆ, ಇನ್ನೊಂದು ವಾರ ನೋಡ್ತೀನಿ ಅಂದ್ರು. ವಾರ ಆದಮ್ಯಾಲೆ ಏನಣ್ಣ? ನನಗೆ ಕಣ್ಣು ಮುಚ್ಚಾಕೆ ಭಯ.”

“ನಾನು ಬಂದು ಏನಂತ ಕೇಳ್ಲಿ ತಂಗಿ? ಕೇಳಿದ್ರೆ ಮತ್ತೆ ನೆನಪು ಮಾಡಿದಂಗೆ ಆಗಲ್ವಾ?”

ಒಳಗಿನಿಂದ ಅವನ ಹೆಂಡತಿ ದಿಲ್‌ಷಾದ್ ಬೇಗಂ ಗದರಿದಳು: “ಅವರು ಮರೆತಿದ್ರೆ ತಾನೆ ನೆನಪು ಮಾಡೋದು! ಕಾದ ಕಬ್ಬಿಣ ಹೊರೋ ಗಂಡಸಿಗೆ ಒಂದು ಮಾತು ಕೇಳಾಕೆ ಧೈರ್ಯ ಇಲ್ಲ. ಏಳ್ರಿ ಮ್ಯಾಲೆ.”

ಫಜಲುಲ್ಲಾ ಎದ್ದ.

ದಾವಣಗೆರೆಯ ಆನೆಕೊಂಡದ ತನ್ನ ಮನೆಯಲ್ಲಿ ಬಕ್ಕೇಶಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಗಡ್ಡ ಬೆಳೆದಿತ್ತು. ಫಜಲುಲ್ಲಾ ತಂದ ಮಂಡಕ್ಕಿ ಪೊಟ್ಟಣವನ್ನು ಮುಂದೆ ಇಟ್ಟ. ಬಾಯಿಗೆ ಬಂದದ್ದು ಹಳೆಯ ಅಭ್ಯಾಸದ ಮಾತೇ.

“ಹೆಂಗೈತೆ?”

“ಸರಿ ಐತೆ.”

“ಲೇ ಬಕ್ಕೇಶಿ, ಈಗ ನಮ್ಮ ಕೈಯಾಗ ಲೇಡಲ್ ಇಲ್ಲ. ನನಗೆ ಸುಳ್ಳು ಹೇಳಬ್ಯಾಡ. ಇನ್ನೂ ಸಾಯಬೇಕು ಅನ್ಸುತ್ತಾ?”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಆ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಬಕ್ಕೇಶಪ್ಪ ತಿರುಗಿ ಕೂತ. ಮಂಡಕ್ಕಿಯ ಪೊಟ್ಟಣದ ದಾರ ಬಿಚ್ಚಿದ.

“ಯಾವಾಗ್ಲೂ ಅಲ್ಲ. ಬೆಳಗಿನ ಜಾವ ಅನ್ಸುತ್ತೆ. ಎದೆ ಮ್ಯಾಲೆ ಯಾರೋ ಕೂತಂಗೆ. ಎರಡು ವರ್ಷ ಆತು.”

“ಎರಡು ವರ್ಷ! ನನ್ನ ಬೆನ್ನ ಹಿಂದೇನೇ ಇದ್ಯಲ್ಲೋ. ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ? ಜ್ವರ ಇಲ್ಲ, ಗಾಯ ಇಲ್ಲ. ಮೀಸೆ ಇಟ್ಕಂಡು ಅಳು ಬರುತ್ತೆ ಅಂತ ಹೇಳ್ಲಾ? ಹೇಳಿದ್ರೆ ಆ ಪಾಲಯ್ಯ ಬಸ್ಸಿನಾಗ ಒಂದು ತಿಂಗಳು ಅದನ್ನೇ ಆಡ್ಕಂಡು ನಗ್ತಿದ್ದ.”

ಫಜಲುಲ್ಲಾನಿಗೆ ಇನ್ನೊಂದು ಪ್ರಶ್ನೆ ಕೇಳುವುದಿತ್ತು. ಕೇಳದೆ ಹೋದರೆ ತಾನು, ಏನೂ ಕೇಳದೆ ಹೆದರಿ ಆ ಕುರ್ಚಿ ಹಾಕಿಸಿದ ಮ್ಯಾನೇಜರನಿಗಿಂತ ದೊಡ್ಡವನೇನಲ್ಲ ಅನ್ನಿಸಿತು. ಕೇಳಿಯೇ ಬಿಟ್ಟ.

“ಮತ್ತೆ ಜೋಡಿ ಆದ್ರೆ, ಹಿಡಿ ಬಿಟ್ಟುಬಿಡ್ತೀಯಾ?”

ಬಕ್ಕೇಶಪ್ಪ ಮೊದಲ ಸಲ ಅವನ ಕಣ್ಣು ನೋಡಿದ. “ಬ್ಯಾಸರ ಬಂದಿದ್ದು ನನ್ನ ಜೀವದ ಮ್ಯಾಲೆ. ನಿನ್ನ ಜೀವದ ಮ್ಯಾಲೆ ಅಲ್ಲ.”

“ಹಂಗಾದ್ರೆ ಬ್ಯಾಸರ ಜಾಸ್ತಿ ಆದ ದಿನ ಬಾಯಿಬಿಟ್ಟು ಹೇಳು. ಅವತ್ತು ಹೊರೋದು ಬ್ಯಾಡ. ನಾನು ನಿನ್ನ ಜೊತೆ ಕೂರ್ತೀನಿ. ನಾಳೆ ಡಾಕ್ಟ್ರ ಹತ್ರ ಹೋಗಾಣ.”

ಬಕ್ಕೇಶಪ್ಪ ಅತ್ತ. ಫಜಲುಲ್ಲಾ ಸುಮ್ಮನಿರು ಅನ್ನಲಿಲ್ಲ.

ಸೋಮವಾರ ಬಸ್ಸಿನಲ್ಲಿ ಫಜಲುಲ್ಲಾ ಹೋಗಿ ಆ ಖಾಲಿ ಜಾಗದಲ್ಲಿ ಕೂತ. ಹಿಂದಿನಿಂದ ಪಾಲಯ್ಯ ಕೂಗಿದ. ಅಚ್ಚು ಕಟ್ಟುವವನು, ಬಾಯಿ ಜೋರು.

“ಸಾಬ್ರೆ, ಹುಷಾರ್ರೀ! ಆ ಸೀಟಿನಾಗ ಕೂತ್ರೆ ತಲೆ ಕೆಡ್ತದೆ.”

ಬಸ್ಸು ನಕ್ಕಿತು. ಉತ್ತರ ಕೊಟ್ಟದ್ದು ಬಕ್ಕೇಶಪ್ಪ.

“ನಿನಗ್ಯಾಕ ಭಯ ಪಾಲಯ್ಯ? ಕೆಡಾಕೆ ಮೊದಲು ತಲೆ ಇರಬೇಕಲ್ಲ.”

ನಗು ಇಮ್ಮಡಿಯಾಯಿತು. ಅದು ಇಳಿಯುವ ಮೊದಲೇ ಅವನು ಎದ್ದು, ಮೇಲಿನ ಸರಳು ಹಿಡಿದು ನಿಂತ. “ನನಗೆ ಹೊಟ್ಟೆನೋವು ಇರಲಿಲ್ಲ. ಸಾಯಾಕೆ ಹೋಗಿದ್ದೆ. ಇವತ್ತು ಸಂಜೆ ಡಾಕ್ಟ್ರ ಹತ್ರ ಹೋಗ್ತೀನಿ. ಇಷ್ಟೇ.”

ಮರುದಿನ ಪಾಲಯ್ಯ ಬಂದು ಅವರ ಸೀಟಿನ ಪಕ್ಕ ನಿಂತ. ಮಾತು ಬಕ್ಕೇಶಪ್ಪನ ಕಡೆಗಿದ್ದರೂ ಕಣ್ಣು ಕಿಟಕಿಯ ಆಚೆಗಿತ್ತು.

“ನನ್ನ ತಮ್ಮನಿಗೂ ನಾವು ಹೊಟ್ಟೆನೋವು ಅಂತಾನೇ ಹೇಳಿದ್ವಿ. ಅವನು ಉಳೀಲಿಲ್ಲ.” ಸೀಟಿನ ಕಂಬಿ ಹಿಡಿದುಕೊಂಡು, “ನನ್ನ ಮಾತು ಮನಸಿಗೆ ಹಚ್ಚಿಕೋಬ್ಯಾಡ ಬಕ್ಕಣ್ಣ,” ಎಂದ.

ಆ ವಾರ ಆ ಬಸ್ಸಿನಲ್ಲಿ ಗಂಡಸರು ಆಡಿದ ಮಾತುಗಳನ್ನು ಯಾವ ಯೂನಿಯನ್ ಸಭೆಯೂ ಕೇಳಿರಲಿಲ್ಲ. ಒಬ್ಬ ಮೂರು ತಿಂಗಳಿಂದ ನಿದ್ದೆಯಿಲ್ಲ ಅಂದ. ಒಬ್ಬ ಹೊಳೆ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ ಅಂದ. ಅವತ್ತಿನಿಂದ ಪಾಲಯ್ಯ ಈ ಸೇತುವೆಯವನ ಪಕ್ಕ ಕೂತು ಅವನ ಮನೆಯ ಬಾಗಿಲವರೆಗೂ ನಡೆದು ಹೋಗತೊಡಗಿದ. ತಮಾಷೆ ನಿಲ್ಲಲಿಲ್ಲ. ತಮಾಷೆಯ ನಡುವೆಯೇ ಇದೂ ನಡೆಯಿತು.

ದಾವಣಗೆರೆಯ ಪಿ.ಜೆ. ಬಡಾವಣೆಯ ಮನೋವೈದ್ಯರು ಮೂರು ವಾರ ನೋಡಿ, ಬಕ್ಕೇಶಪ್ಪ ಜೋಡಿಯ ಜೊತೆ ಮೊದಲಿನ ಕೆಲಸ ಮಾಡಬಹುದು, ಕೆಲಸವಿಲ್ಲದೆ ಕೂರಿಸುವುದೇ ಅವನಿಗೆ ಅಪಾಯ ಎಂದು ಬರೆದುಕೊಟ್ಟರು. ಫಜಲುಲ್ಲಾ ಅದನ್ನು ಮ್ಯಾನೇಜರನ ಮೇಜಿನ ಮೇಲಿಟ್ಟ. ಮ್ಯಾನೇಜರ್ ಓದದೆ ಡ್ರಾಯರಿಗೆ ತಳ್ಳಿದ.

ಅದರ ಉತ್ತರ ಬಂದದ್ದು ಶುಕ್ರವಾರ, ಎರಕದ ದಿನ. ನಾನಾಗಿಯೇ ಕೆಲಸ ಬಿಡುತ್ತೇನೆ ಎಂದು ಟೈಪು ಮಾಡಿದ ಹಾಳೆಯನ್ನು ಗೇಟಿನಲ್ಲಿ ಬಕ್ಕೇಶಪ್ಪನ ಕೈಗೆ ಕೊಟ್ಟು, ಪಾಳಿ ಮುಗಿಯುವುದರೊಳಗೆ ಸಹಿ ಮಾಡು ಎಂದರು. ಸುದ್ದಿ ಒಳಗೆ ಬರುವ ಹೊತ್ತಿಗೆ ಕುಲುಮೆಯ ಬಾಯಿ ತೆರೆದಿತ್ತು. ಲೇಡಲ್ ತುಂಬಿ ನೆಲದ ಮೇಲೆ ಕೂತಿತ್ತು. ಅಚ್ಚುಗಳು ಸಾಲಾಗಿ ಬಾಯಿ ತೆರೆದು ಕಾದಿದ್ದವು. ಇಷ್ಟು ದಿನ ಬಕ್ಕೇಶಪ್ಪನ ಬದಲಿಗೆ ಹೊರುತ್ತಿದ್ದ ಬಸವಕಿರಣ್ ಹಿಂದಿನ ಹಿಡಿಯ ಹತ್ತಿರ ನಿಂತು ಫಜಲುಲ್ಲಾನ ಮುಖ ನೋಡುತ್ತಿದ್ದ.

ಫಜಲುಲ್ಲಾ ಹಿಡಿ ಮುಟ್ಟಲಿಲ್ಲ.

“ಏನಾತು? ಎತ್ತು,” ಎಂದ ಮ್ಯಾನೇಜರ್.

“ನನ್ನ ಜೋಡಿ ಗೇಟಿನಾಗ ಅವನೆ ಸಾರ್.”

“ಸಾಯಾಕೆ ಹೋದವನ ಕೈಗೆ ಬೆಂಕಿ ಕೊಡ್ಲಾ? ನಾಳೆ ನಿನ್ನ ಸುಟ್ರೆ ನಿನ್ನ ಹೆಂಡ್ತಿಗೆ ಉತ್ತರ ಹೇಳೋರು ಯಾರು?”

“ಅವಳೇ ನನ್ನನ್ನ ಅವನ ಮನೆಗೆ ಕಳಿಸಿದ್ದು. ಕೈಯಾಗ ಕೆಲಸ ಇಲ್ದೆ ಕೂರಿಸಿದ್ರೆ ಅವನು ಉಳಿಯಲ್ಲ ಅಂತ ಡಾಕ್ಟ್ರು ಬರೆದಾರೆ. ನಿಮ್ಮ ಡ್ರಾಯರ್‌ನಾಗ ಐತೆ. ಓದ್ರಿ.”

“ನೀತಿ ಪಾಠ ಆಮ್ಯಾಲೆ. ಮಾಲು ಹೆಪ್ಪುಗಟ್ತಾ ಐತೆ, ಎತ್ತಯ್ಯ!”

ಲೇಡಲ್ಲಿನ ಮೇಲೆ ಕಪ್ಪು ಕೆನೆ ಕಟ್ಟತೊಡಗಿತ್ತು. ಅತ್ತ ಪಾಲಯ್ಯ ಕೈಗವಸು ಕಳಚಿ ಅಚ್ಚಿನ ಮೇಲೆ ಇಟ್ಟ. ಉಳಿದ ಎರಡು ಜೋಡಿಗಳೂ ತಮ್ಮ ಲೇಡಲ್ಲಿನಿಂದ ಹಿಂದೆ ಸರಿದವು.

“ಕೊನೇ ಸಲ ಹೇಳ್ತೀನಿ ಫಜಲುಲ್ಲಾ, ಎತ್ತು. ಇಲ್ಲಾಂದ್ರೆ ಅವನ ಪಕ್ಕ ನಿನಗೂ ಜಾಗ ಮಾಡಿಸ್ತೀನಿ.”

“ಮಾಡಿಸ್ರಿ,” ಎಂದ ಫಜಲುಲ್ಲಾ. “ಎತ್ತಲ್ಲ.”