ಉಮಾವತಿಯಕ್ಕನ ಆಶೀರ್ವಾದ

"ಇನ್ನೆಷ್ಟು ಜನಕ್ಕೆ ಶಾಲು ಹೊದಿಸ್ಲಿಕ್ಕುಂಟು ಇವ್ರಿಗೆ?" ಎನ್ನುತ್ತ ಜಯಲತಾ ದುಪಟ್ಟಾವನ್ನು ಮತ್ತೊಮ್ಮೆ ಸೊಂಟಕ್ಕೆ ಬಿಗಿದಳು. ಠಾಣೆ ನಗರದ ಮೈದಾನದಲ್ಲಿ ಅಲ್ಲಿನ ಕನ್ನಡಿಗರ ಸಂಘದ ಕ್ರೀಡಾಕೂಟ. ವೇದಿಕೆಯ ಸನ್ಮಾನ ಮುಗಿಯುವ ಲಕ್ಷಣವಿರಲಿಲ್ಲ. ಹಗ್ಗ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅವಳ ಬಡಾವಣೆ ವಾಗ್ಳೆ ಎಸ್ಟೇಟಿನ ಮಹಿಳೆಯರು ಹಗ್ಗಜಗ್ಗಾಟದಲ್ಲಿ ಇವತ್ತಿನವರೆಗೆ ಒಂದು ಸುತ್ತೂ ಗೆದ್ದವರಲ್ಲ. ಯಾರಾದರೂ ಫೋಟೊ ತೆಗೆಯುವಷ್ಟರಲ್ಲಿ ಸೋತು ಮುಗಿದಿರುತ್ತಿತ್ತು. ಈ ವರ್ಷ ನಾಯಕಿ ಅವಳೇ. ಒಂದು ಸಲ, ಒಂದೇ ಒಂದು ಸಲ ಗೆಲ್ಲಬೇಕಿತ್ತು.

"ಮಮ್ಮಿ, ಜಲ್ದೀ ಹಾರ್ ಜಾನಾ. ಭೂಖ್ ಲಗೀ ಹೈ," ಎಂದಳು ಮಗಳು ನಿಶ್ಮಿತಾ, ಅಮ್ಮ ಬೇಗ ಸೋತರೆ ಬೇಗ ತಿನ್ನಲಿಕ್ಕೆ ಸಿಗುತ್ತದೆಂದು.

ಅಂತೂ ಹೆಸರು ಕರೆದರು. ಎದುರಿಗೆ ಹೋದ ವರ್ಷ ಗೆದ್ದ ಬದಲಾಪುರದವರು. ಅವರ ನಾಯಕಿ ಉಮಾವತಿಯಕ್ಕ, ಅರವತ್ತು ದಾಟಿದರೂ ಗಟ್ಟಿ ಆಳು. ಜಯಲತಾಳ ಮದುವೆಯಲ್ಲಿ ಆರತಿ ಎತ್ತಿದವರು. ನಾಯಕಿಯರು ಕೈಕುಲುಕಬೇಕೆಂದು ರೆಫ್ರಿ ಹೇಳಿದ. ಹಿರಿಯರ ಕೈ ಕುಲುಕುವುದುಂಟೇ? ಜಯಲತಾ ಬಗ್ಗಿ ಕಾಲು ಮುಟ್ಟಿದಳು. ಅವಳ ಹಿಂದೆ ಇಡೀ ತಂಡವೇ ಸಾಲಾಗಿ ಬಗ್ಗಿತು.

"ಒಳ್ಳೇದಾಗ್ಲಿ. ಗೆದ್ದು ಬನ್ನಿ ಮಕ್ಳೇ," ಎಂದುಬಿಟ್ಟರು ಉಮಾವತಿಯಕ್ಕ, ಅಭ್ಯಾಸಬಲದಿಂದ.

"ಅಕ್ಕಾ, ನೀವು ಯಾರ ಪಾರ್ಟಿ?" ಎಂದು ಅವರ ತಂಡದವರೇ ಹೌಹಾರಿದರು. ಮೈದಾನವೆಲ್ಲ ನಕ್ಕಿತು.

ಸೀಟಿ ಬಿತ್ತು. ಹಗ್ಗ ಅಲುಗಲಿಲ್ಲ. ಜಯಲತಾಳ ಹಿಮ್ಮಡಿ ಮಣ್ಣಿನಲ್ಲಿ ಹೂತಿತು, ಕಣ್ಣಿಗೆ ಬೆವರಿಳಿಯಿತು. "ಜೋರ್ ಲಗಾಕೇ... ಹೈಶಾ!" ಎಂದು ಹಸಿವು ಮರೆತ ನಿಶ್ಮಿತಾ ಕಿರುಚುತ್ತಿದ್ದಳು. ಹಗ್ಗ ಒಂದಿಷ್ಟು ಆಚೆ ಹೋಯಿತು, ಈಚೆ ಬಂತು. ಆಮೇಲೆ ಥಟ್ಟನೆ ಎದುರಿನ ಸಾಲಿಗೆ ಸಾಲೇ ಗೆರೆ ದಾಟಿ ಇತ್ತ ಬಂದುಬಿಟ್ಟಿತು.

ಎಲ್ಲರೂ ಕುಣಿದರು. ಜಯಲತಾಳೂ ಕುಣಿಯುತ್ತಿದ್ದಳು, ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಅಂದರು: "ಅಕ್ಕ ಬಿಟ್ಟುಕೊಟ್ರು ಕಾಣ್ತದೆ. ಆಶೀರ್ವಾದ ಮಾಡಿ ಆಗಿತ್ತಲ್ಲ."

ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತು. ಕೈಗೆ ಬಂದ ಗೋಳಿಬಜೆ ತಟ್ಟೆಯನ್ನು ಮಗಳಿಗೆ ಕೊಟ್ಟು, ಅವಳು ಗುಂಪಿನಲ್ಲೆಲ್ಲ ಹುಡುಕಾಡಿದಳು. ಉಮಾವತಿಯಕ್ಕ ಪೆಂಡಾಲಿನ ಹಿಂದೆ ನಲ್ಲಿಯ ಹತ್ತಿರ ಒಬ್ಬರೇ ಇದ್ದರು.

"ಅಕ್ಕಾ, ಸತ್ಯ ಹೇಳಿ. ಹಗ್ಗ ಬಿಟ್ರಾ ನೀವು?"

"ನೋಡು ಮಾರಾಯ್ತಿ," ಎಂದು ಅವರು ನೀರಿನ ಕೆಳಗಿಂದ ಕೈ ತೆಗೆದು ಅಂಗೈ ಬಿಡಿಸಿದರು. ಅಡ್ಡಕ್ಕೆ ಕೆಂಪು ಬರೆ ಎದ್ದಿತ್ತು. ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದಿತ್ತು.

ಜಯಲತಾ ಅಂಥದೇ ಬರೆ ಎದ್ದಿದ್ದ ತನ್ನ ಅಂಗೈಯನ್ನೂ ಅದರ ಪಕ್ಕ ಹಿಡಿದಳು. ನಲ್ಲಿ ಸುರಿಯುತ್ತಲೇ ಇತ್ತು.