ಭಾನುವಾರದ ತೂಬು

ಭಾನುವಾರ ಕಾಫಿ ಹಣ್ಣು ಸುಲಿಯುವ ಪಲ್ಪರ್ ಓಡಿಸಬಾರದೆಂದು ಸಾಹುಕಾರರನ್ನು ಒಪ್ಪಿಸಿದವನು ದೇವದಾನ ಅಮ್ಮನ್ನನೇ. ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿದ್ದ ಆ ಎಸ್ಟೇಟಿನಲ್ಲಿ ಅವನು ಹನ್ನೊಂದು ವರ್ಷದಿಂದ ರೈಟರು. ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವನು. ಹಾಜರಿ ಬರೆಯುವುದು, ಹಣ್ಣು ತೂಗಿಸುವುದು, ಪಲ್ಪರ್ ಮನೆ ನೋಡಿಕೊಳ್ಳುವುದು ಅವನ ಉದ್ಯೋಗ. ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಸುವಾರ್ತೆ ಸಾರುವುದು ಅವನು ತಾನಾಗಿ ಹೊತ್ತುಕೊಂಡದ್ದು. ಆದರೆ ಕುಯ್ಲಿನ ತಿಂಗಳುಗಳಲ್ಲಿ ಭಾನುವಾರವೂ ಯಂತ್ರ ಓಡುತ್ತಿದ್ದುದರಿಂದ ಜನರನ್ನು ಪ್ರಾರ್ಥನೆಗೆ ಕೂರಿಸಲು ಆಗುತ್ತಿರಲಿಲ್ಲ. ತೊಂಬತ್ತೈದರ ಕುಯ್ಲಿಗೆ ಮುಂಚೆ ಅವನು ಧೈರ್ಯ ಮಾಡಿ ಸಾಹುಕಾರ ಪರಮೇಶ್ವರಪ್ಪನವರ ಮುಂದೆ ನಿಂತ.

"ಶನಿವಾರ ಎಷ್ಟು ಹೊತ್ತಾದ್ರೂ ಓಡಿಸ್ತೀನಿ ಸರ್. ಭಾನುವಾರ ಒಂದು ಬಿಟ್ಟುಕೊಡಿ."

"ನಿಮ್ ದೇವ್ರು ಭಾರೀ ಸುಖಪುರುಷ ಕಣ್ರೀ ಅಮ್ಮನ್ನ, ವಾರಕ್ಕೊಂದು ರಜ ಹಾಕ್ತಾನೆ," ಎಂದು ಸಾಹುಕಾರರು ನಕ್ಕರು. "ನಮ್ ಶಿವನಿಗೆ ವರ್ಷಪೂರ್ತಿ ಡ್ಯೂಟಿ. ಹೋಗ್ಲಿ, ತಗೊಳ್ಳಿ. ಶನಿವಾರದ ಹಣ್ಣು ಶನಿವಾರವೇ ಮುಗೀಬೇಕು ಅಷ್ಟೆ."

ದೇವರು ಪ್ರಾರ್ಥನೆ ಕೇಳಿದನೆಂದು ದೇವದಾನ ಮೂಡಿಗೆರೆಯ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಹೇಳಿದ. ಸಭಾಪಾಲಕರು ಅವನ ಕೈ ಕುಲುಕಿದರು.

ಅವನು ಯೋಚಿಸದೆ ಬಿಟ್ಟದ್ದು ಒಂದಿತ್ತು. ಹಣ್ಣಿನ ಸಿಪ್ಪೆ ಸುಲಿದು ಲೋಳೆ ತೊಳೆದ ನೀರು ಪಲ್ಪರ್ ಮನೆಯ ಹಿಂದಿನ ಗುಂಡಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಸುಣ್ಣ ಹಾಕಿ ಇಂಗಲು ಬಿಡಬೇಕು. ಇದ್ದದ್ದು ಒಂದೇ ಗುಂಡಿ. ಶುಕ್ರವಾರದ್ದೂ ಶನಿವಾರದ್ದೂ ಸೇರಿ ಎರಡು ದಿನದ ಹಣ್ಣನ್ನು ಶನಿವಾರವೇ ಮುಗಿಸಿದರೆ ಅದು ಅಂಚಿನವರೆಗೆ ತುಂಬುತ್ತಿತ್ತು, ಸೋಮವಾರಕ್ಕೆ ಮತ್ತೆ ಜಾಗ ಬೇಕು. ಹಾಗಾಗಿ ಮೇಸ್ತ್ರಿ ಮಾರಯ್ಯ ಭಾನುವಾರ ಬೆಳಗಿನ ಜಾವಕ್ಕೇ ತೂಬು ಎತ್ತಿ ಗುಂಡಿಯನ್ನು ಹಳ್ಳಕ್ಕೆ ಬಿಡತೊಡಗಿದ. ಮುಂಚೆ ವಾರವಿಡೀ ಸ್ವಲ್ಪ ಸ್ವಲ್ಪ ಸೋರುತ್ತಿದ್ದ ಹುಳಿ ನೀರು ಈಗ ಒಮ್ಮೆಗೇ ಕಪ್ಪಗೆ ಇಳಿಯುತ್ತಿತ್ತು. ಕೆಳಗೆ, ಸಿಕ್ಕಿದ ಒಂದೇ ರಜೆಯಲ್ಲಿ, ಲೈನಿನ ಹೆಂಗಸರು ಅದೇ ಹಳ್ಳದಲ್ಲಿ ಬಟ್ಟೆ ಒಗೆದು ಮಕ್ಕಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಹತ್ತು ಗಂಟೆಯ ಪ್ರಾರ್ಥನೆಗೆ ಕರೆತರುತ್ತಿದ್ದರು. ಮಕ್ಕಳು ಕೂತಲ್ಲೇ ಮೈ ಕೆರೆದುಕೊಳ್ಳುತ್ತಿದ್ದವು. ದೇವದಾನ ಕಜ್ಜಿಯೆಂದುಕೊಂಡು ಗಂಧಕದ ಮುಲಾಮು ತಂದು ಹಂಚಿದ.

ಅವನಿಗೆ ವಿಷಯ ತಿಳಿಯುವ ಹೊತ್ತಿಗೆ ಎರಡನೆಯ ಕುಯ್ಲು ನಡೆಯುತ್ತಿತ್ತು. ಒಂದು ಭಾನುವಾರ ಬೇಗ ಹೊರಟು ಹಳ್ಳದ ದಾರಿ ಹಿಡಿದಾಗ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾಯಿತು. ಮಗಳ ಕಾಲೇಜಿನಿಂದ ಲಿಟ್ಮಸ್ ಕಾಗದ ತರಿಸಿ ಮುಂದಿನ ವಾರ ಅದ್ದಿ ನೋಡಿದ. ಕ್ಷಣದಲ್ಲಿ ಕೆಂಪಾಯಿತು. ಇನ್ನೊಂದು ಗುಂಡಿ ತೋಡಿಸಬೇಕೆಂದು ಸಾಹುಕಾರರಿಗೆ ಹೇಳಿದ.

"ಗುಂಡಿಗೆ ಜಾಗ ಎಲ್ಲಿ ತರ್ಲಿ? ನೂರು ಗಿಡ ಕೀಳ್ಬೇಕು," ಎಂದರು ಅವರು. "ತೂಬು ಎತ್ತೋದು ಬೇಡ ಅಂದ್ರೆ ಭಾನುವಾರವೂ ಪಲ್ಪರ್ ಓಡಿಸೋಣ. ಆಗ್ಬಹುದಾ?"

ದೇವದಾನ ಹಾಜರಿ ಪುಸ್ತಕ ಎತ್ತಿಕೊಂಡು ಹೊರಗೆ ಬಂದ. ಪ್ರಾರ್ಥನೆ ನಿಲ್ಲಬಾರದಲ್ಲ.

ಲೈನಿನಲ್ಲಿ ಅವನ ಮಾತನ್ನು ನಿಜವಾಗಿ ನಂಬಿದವಳು ಒಬ್ಬಳೇ, ತಿಮ್ಮಮ್ಮ. ಉಳಿದವರು ಪ್ರಾರ್ಥನೆಯ ನಂತರದ ಬನ್ನು, ಬೆಲ್ಲದ ಕಾಫಿಗೆ ಬರುತ್ತಿದ್ದರೆಂಬುದು ಅವನಿಗೂ ಗೊತ್ತಿತ್ತು. ತಿಮ್ಮಮ್ಮ ಐವತ್ತು ದಾಟಿದ ವಿಧವೆ, ತರೀಕೆರೆ ಕಡೆಯವಳು. ಮಗಳು ತೀರಿಕೊಂಡ ಮೇಲೆ ನಾಲ್ಕು ವರ್ಷದ ಮೊಮ್ಮಗಳು ದಿವ್ಯಾಳನ್ನು ಸಾಕುತ್ತಿದ್ದಳು. ನಂಬಿದ ಎರಡನೇ ವಾರವೇ ಅವಳು ತೂಕದ ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ರೈಟ್ರೇ, ನನ್ ಚೀಲದ ಅಡೀಲಿ ಎರಡು ಕಲ್ಲವೆ, ತೆಗೆದು ತೂಗಿ," ಎಂದಿದ್ದಳು. ಸಾಲಿಗೆ ಸಾಲೇ ನಕ್ಕಿತ್ತು. "ಅಯ್ಯೋ ಮಾರಾಯ್ತಿ, ನಿನ್ ದೇವ್ರಿಗೆ ಹೇಳ್ಕೊ, ತಕ್ಕಡಿಗ್ಯಾಕೆ ಹೇಳ್ತೀಯ?" ಎಂದು ಮಾರಯ್ಯ ಛೇಡಿಸಿದ್ದ. ದೇವದಾನ ಆ ಕಥೆಯನ್ನೂ ಸಭೆಯಲ್ಲಿ ಹೇಳಿದ್ದ. ಕೇಳಿದವರ ಕಣ್ಣು ಒದ್ದೆಯಾಗಿತ್ತು.

ತೊಂಬತ್ತೇಳರ ಜನವರಿಯಲ್ಲಿ ದಿವ್ಯಾಳ ಮೈ ತುಂಬ ಬೊಬ್ಬೆ ಎದ್ದು ಕಣ್ಣು ಬಾತುಕೊಂಡವು. ಅದೇ ವಾರ ಹಳ್ಳದ ಕೆಳಗಿನ ಗದ್ದೆಯ ಚೌಡಯ್ಯ, ಮೀನು ಸತ್ತು ತೇಲುತ್ತಿವೆ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ. ಬುಧವಾರ ಚಿಕ್ಕಮಗಳೂರಿನಿಂದ ಅಧಿಕಾರಿ ಬರುತ್ತಾರೆಂದು ಸುದ್ದಿಯಾಯಿತು. ಮಂಗಳವಾರ ಸಂಜೆ ತಿಮ್ಮಮ್ಮ ದೇವದಾನನ ಕ್ವಾರ್ಟರ್ಸಿನ ಮೆಟ್ಟಿಲ ಬಳಿ ಬಂದು ನಿಂತಳು.

"ರೈಟ್ರೇ, ನಾಳೆ ಅವರು ಕೇಳಿದ್ರೆ ನಾನು ತೂಬಿನ ವಿಷ್ಯ ಹೇಳ್ಬಿಡ್ತೀನಿ."

"ಯೋಚನೆ ಮಾಡಿ ತಿಮ್ಮಮ್ಮ. ಸಾಹುಕಾರ್ರು ಅಲ್ಲೇ ಇರ್ತಾರೆ."

"ಇರ್ಲಿ. ಸುಳ್ಳಿಗೆ ಬಾಯಿ ಕೊಡಬಾರ್ದು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೆ ನಾನು ಕೂಲಿಯೋಳು, ನನ್ ಮಾತು ಯಾರು ತಗೋತಾರೆ? ನೀವು ಓದಿದೋರು. ನಾನು ಹೇಳಿದ್ಮೇಲೆ ನೀವು ಹೌದು ಅಂದ್ರೆ ಸಾಕು. ಒಂದೇ ಮಾತು."

ಒಳಗೆ ಅವನ ಹೆಂಡತಿ ಸುಗುಣ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

"ಹೂಂ," ಎಂದ ದೇವದಾನ.

ತಿಮ್ಮಮ್ಮ ಹೋದ ಮೇಲೆ ಸುಗುಣ ಬಾಗಿಲಿಗೆ ಬಂದಳು. "ಮಗಳ ಓದು ಇನ್ನೂ ಎರಡು ವರ್ಷ ಇದೆ. ಈ ಮನೆ ಬಿಟ್ರೆ ನಮಗೆ ಮನೆ ಇಲ್ಲ. ಅಷ್ಟು ನೆನಪಿರ್ಲಿ," ಎಂದು ಹೇಳಿ ಒಳಗೆ ಹೋದಳು. ಅವನು ಅಂಗಳದಲ್ಲೇ ಕೂತು ಪ್ರಾರ್ಥಿಸಿದ. ಪ್ರಾರ್ಥಿಸುತ್ತ ಹೋದಂತೆ ಅವನಿಗೆ ಇನ್ನೊಂದು ಕಾರಣ ಸಿಕ್ಕಿತು. ತನ್ನನ್ನು ಕಳಿಸಿಬಿಟ್ಟರೆ ಈ ಲೈನಿನಲ್ಲಿ ಸುವಾರ್ತೆ ಹೇಳುವವರು ಯಾರು? ಹೆಂಡತಿಯ ಕಾರಣಕ್ಕಿಂತ ಇದು ಎಷ್ಟೋ ಶುದ್ಧವಾಗಿತ್ತು. ಅದನ್ನೇ ಹಿಡಿದುಕೊಂಡು ಎದ್ದ.

ಅಧಿಕಾರಿ ಷಡಕ್ಷರಿ ತಾಳ್ಮೆಯ ಮನುಷ್ಯ. ಹಳ್ಳದ ನೀರನ್ನು ಸೀಸೆಗೆ ತುಂಬಿ ಬೆಳಕಿಗೆ ಹಿಡಿದು ನೋಡಿದರು. ಭಾನುವಾರದಿಂದ ಮೂರು ದಿನ ಹರಿದು ತಿಳಿಯಾಗಿದ್ದ ನೀರು. "ಈಗೇನೋ ಚೆನ್ನಾಗಿದೆ," ಎಂದವರು ನೆರೆದಿದ್ದ ಕೂಲಿಯವರ ಕಡೆ ತಿರುಗಿದರು. "ಯಾವಾಗಲೂ ಹೀಗೇ ಇರುತ್ತಾ?"

ತಿಮ್ಮಮ್ಮ ಮುಂದೆ ಬಂದಳು.

"ಇಲ್ಲ ಸಾರ್. ಭಾನುವಾರ ಬೆಳಿಗ್ಗೆ ಮೇಲಿನ ತೂಬು ತೆಗೀತಾರೆ. ಹಳ್ಳ ಪೂರಾ ಕಪ್ಪಗಾಗುತ್ತೆ. ನನ್ ಮೊಮ್ಮಗಳ ಮೈ ನೋಡಿ ಬೇಕಾದ್ರೆ. ರೈಟ್ರಿಗೂ ಗೊತ್ತು."

ಪರಮೇಶ್ವರಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಷಡಕ್ಷರಿ ದೇವದಾನನನ್ನು ನೋಡಿದರು.

"ನೀವು ಬಿ.ಎಸ್ಸಿ. ಅಂದ್ರಲ್ಲ. ಏನ್ರೀ, ಹೌದಾ?"

ಲಿಟ್ಮಸ್ಸಿನ ಕೆಂಪು ಅವನ ಕಣ್ಣ ಮುಂದೆ ಸ್ಪಷ್ಟವಾಗಿತ್ತು. ಎಷ್ಟು ಹೊತ್ತಿಗೆ ಅದ್ದಿದ್ದು, ಯಾವ ಕಲ್ಲಿನ ಪಕ್ಕದಲ್ಲಿ, ಎಲ್ಲವೂ.

"ಗುಂಡಿಗೆ ಸುಣ್ಣ ಹಾಕಿ ಇಂಗಿಸ್ತೀವಿ ಸರ್. ಹಳ್ಳಕ್ಕೆ ಬಿಡೋ ಪದ್ಧತಿ ಇಲ್ಲ."

"ಹಾಗಾದ್ರೆ ಈಯಮ್ಮ ಹೇಳೋದು?"

"ಮಗೂಗೆ ಕಜ್ಜಿ ಸರ್, ನಾನೇ ಮುಲಾಮು ಕೊಟ್ಟಿದ್ದೀನಿ. ಆ ಸಂಕಟಕ್ಕೆ ಏನೋ ಹೇಳ್ತಾಳೆ. ಓದುಬರಹ ಇಲ್ಲ, ಪಾಪ."

ಕೊನೆಯ ಆ 'ಪಾಪ' ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಷಡಕ್ಷರಿ ಬರೆದುಕೊಂಡು, ಅವನಿಂದ ಸಹಿ ಹಾಕಿಸಿಕೊಂಡು ಜೀಪು ಹತ್ತಿದರು. ತಿಮ್ಮಮ್ಮ ಅವನನ್ನು ಬೈಯಲಿಲ್ಲ. ತಾನು ಹೇಳಿದ್ದರಲ್ಲಿ ಏನು ತಪ್ಪಾಯಿತೆಂದು ಹುಡುಕುವವಳಂತೆ ನಿಂತಿದ್ದಳು.

ಶುಕ್ರವಾರ ಅವಳಿಗೆ ಮನೆ ಖಾಲಿ ಮಾಡಲು ಹೇಳಿಕಳಿಸಿದರು. ಶನಿವಾರ ಬೆಳಿಗ್ಗೆ ಮೂಡಿಗೆರೆಗೆ ಹೋಗುವ ಜೀಪಿಗೆ ಮಾರಯ್ಯನೇ ಅವಳ ಪಾತ್ರೆಗಂಟು, ಚಾಪೆ ಎತ್ತಿಟ್ಟ. ಅವಳನ್ನು ಛೇಡಿಸುತ್ತಿದ್ದವನು ಅಂದು ತನ್ನ ತುಂಡು ಬೆಡ್‌ಶೀಟನ್ನು ಮಡಚಿ ಮಗುವಿನ ಕೆಳಗೆ ಹಾಸಿದ.

ದೇವದಾನ ಹತ್ತಿರ ಹೋದ. "ಎಲ್ಲಿಗೆ ಹೋಗ್ತೀರಿ ತಿಮ್ಮಮ್ಮ?"

"ಅತ್ತಿಗುಂಡಿ ಕಡೆ ಯಾವ್ದೋ ತೋಟದಲ್ಲಿ ಕುಯ್ಲು ಇನ್ನೂ ಮುಗಿದಿಲ್ಲವಂತೆ." ಚಾಪೆ ಒಳಕ್ಕೆ ಸರಿಸುತ್ತ ಅವಳೇ ಕೇಳಿದಳು. "ನೀವು ಹೂಂ ಅಂದಿದ್ರಲ್ಲ ರೈಟ್ರೇ?"

ಅವನು ಜೀಪಿನ ಕಂಬಿ ಹಿಡಿದುಕೊಂಡ. "ನಿಮಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ."

"ಬ್ಯಾಡ. ನಾನೇ ಮಾಡ್ಕೋತೀನಿ."

ಜೀಪು ಹೊರಟಿತು.

ಮಧ್ಯಾಹ್ನ ಸಾಹುಕಾರರು ಅವನನ್ನು ಕರೆದುಕೊಂಡು ಲೈನಿನ ಕೊನೆಯ ಮನೆಯ ಮುಂದೆ ಬಂದರು. ಬಾಗಿಲು ತೆರೆದಿತ್ತು. ಒಲೆಯ ಬೂದಿಯನ್ನು ತಿಮ್ಮಮ್ಮ ಗುಡಿಸಿಟ್ಟು ಹೋಗಿದ್ದಳು.

"ನೋಡಿ ಅಮ್ಮನ್ನ, ನಾನು ನಿಮ್ ಪ್ರಾರ್ಥನೆ ಬಗ್ಗೆ ತಮಾಷೆ ಮಾಡ್ತಿದ್ದೆ. ತಪ್ಪು. ಒಳ್ಳೇದು ಅದು. ಜನ ತಣ್ಣಗಿರ್ತಾರೆ. ಅಂಗಳದಲ್ಲಿ ಯಾಕೆ ಬಿಸಿಲಿಗೆ ಕೂರ್ತೀರಿ? ಈ ಕೋಣೆ ಇಟ್ಕೊಳ್ಳಿ. ಭಾನುವಾರ ಎಲ್ಲರೂ ಬರ್ಬೇಕು ಅಂತ ಮಾರಯ್ಯಂಗೆ ಹೇಳಿದ್ದೀನಿ. ಸಾಕಾಗುತ್ತಾ ಜಾಗ?"

ದೇವದಾನ ಒಳಗೆ ಹೋಗಿ ಹೆಜ್ಜೆಯಿಂದ ಅಳೆದ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಒತ್ತಿ ಕೂತರೆ ಮೂವತ್ತು ಜನ. ಇಷ್ಟು ವರ್ಷದಲ್ಲಿ ಮೂವತ್ತು ಜನ ಒಮ್ಮೆಯೂ ಸೇರಿರಲಿಲ್ಲ.

"ಸಾಕು ಸರ್," ಎಂದ. ಆಮೇಲೆ ಗೋಡೆಯನ್ನು ನೋಡುತ್ತ, "ಈ ಕಡೆಗೊಂದು ಕಿಟಕಿ ಇಡಿಸಿಕೊಟ್ರೆ ಗಾಳಿ ಚೆನ್ನಾಗಿ ಬರುತ್ತೆ," ಎಂದು ಸೇರಿಸಿದ.